ಮೊಂಡಿಯ ಮರಿಗಳು

ರೆಸಾರ್ಟಿನವರೆಲ್ಲ ಅವಳನ್ನು ಉಸಿರಕ್ಕ ಎಂದು ಕರೆಯುತ್ತಿದ್ದರು. ಮೊದಲ ಸಲ ಸಮುದ್ರದೊಳಗೆ ಮುಳುಗುವ ಅತಿಥಿಗಳು ಗಾಬರಿಯಲ್ಲಿ ಉಸಿರು ಬಿಗಿಹಿಡಿದು ಕಂಬದಂತೆ ನಿಂತುಬಿಡುತ್ತಾರೆ. ಅವರ ಬೆನ್ನು ತಟ್ಟುತ್ತಾ, "ಉಸಿರು ಬಿಡಿ. ಮೊದಲು ಉಸಿರು ಬಿಡಿ, ಮಿಕ್ಕಿದ್ದು ಆಮೇಲೆ" ಎಂದು ದಿನವಿಡೀ ಹೇಳುವುದೇ ಅವಳ ಕೆಲಸ. ಅಡುಗೆಮನೆಯವರು ತಮಾಷೆಗೆ ಇಟ್ಟ ಹೆಸರು ಅಂಟಿಕೊಂಡಿತು. ಅವಳ ನಿಜವಾದ ಹೆಸರು ಗೊತ್ತಿದ್ದದ್ದು ಅಲ್ಲಿ ಒಬ್ಬನಿಗೇ, ಅವಳ ತಮ್ಮನಿಗೆ. ಅವನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಅಕ್ಕ ಎನ್ನುತ್ತಿದ್ದ.

ಅವಳನ್ನು ಅಲ್ಲಿಗೆ ಕರೆತಂದವನು ತಮ್ಮನೇ. ಗಂಡ ಒಂದು ಬೆಳಿಗ್ಗೆ ಗಡ್ಡ ಬೋಳಿಸಿಕೊಳ್ಳುತ್ತಾ ಕನ್ನಡಿಯ ಮುಂದೆಯೇ ಕುಸಿದು ತೀರಿಕೊಂಡಾಗ, ಮಕ್ಕಳಿಲ್ಲದ ಆ ಮನೆಯಲ್ಲಿ ಅವಳೊಬ್ಬಳೇ ಉಳಿದಳು. ತಮ್ಮ ಆಗಷ್ಟೇ ರೆಸಾರ್ಟಿನಲ್ಲಿ ನೀರಾಟಗಳ ವಿಭಾಗಕ್ಕೆ ಮ್ಯಾನೇಜರ್ ಆಗಿದ್ದ. "ನೀನೂ ಭಾವನೂ ಇಡೀ ಜೀವನ ನೀರಲ್ಲೇ ಕಳೆದವರು. ಇಲ್ಲಿ ಕೂತು ಗೋಡೆ ನೋಡೋ ಬದಲು ನನ್ನ ಜೊತೆ ಬಾ" ಎಂದ. ಬಂದಳು. ಸಿಲಿಂಡರ್‌ಗಳನ್ನು ಇಡುವ ಶೆಡ್ಡಿನ ಹಿಂದೆ ಒಂದು ಕೋಣೆ ಕೊಟ್ಟರು. ಒಂದು ಮಂಚ, ಒಂದು ಒಲೆ, ಗೋಡೆಯ ಆಚೆಗೆ ಸಿಲಿಂಡರಿಗೆ ಉಸಿರಾಡುವ ಗಾಳಿ ತುಂಬುವ ಯಂತ್ರ. ಯಂತ್ರ ನಿಂತಾಗ ಕೋಣೆ ಎಷ್ಟು ನಿಶ್ಶಬ್ದವಾಗುತ್ತಿತ್ತೆಂದರೆ, ಅವಳಿಗೆ ಯಾರೋ ಎದ್ದು ಹೊರಗೆ ಹೋದಂತೆ ಅನಿಸುತ್ತಿತ್ತು.

ಜೊತೆಗಿರೋಣ ಎಂದು ಕರೆತಂದ ತಮ್ಮನಿಗೆ ಪುರುಸೊತ್ತೇ ಇರಲಿಲ್ಲ. ಸೊಂಟದಲ್ಲಿ ವಾಕಿಟಾಕಿ, ಕೈಯಲ್ಲಿ ಫೋನು. ದಿನಕ್ಕೊಮ್ಮೆ ಎದುರು ಸಿಕ್ಕರೆ "ಆರಾಮಾ ಅಕ್ಕಾ?" ಎಂದು ಕೇಳಿ, ಉತ್ತರ ಬರುವ ಮುಂಚೆ ದಾಟಿರುತ್ತಿದ್ದ.

ಹಾಗಾಗಿ ಅವಳ ಪಾಲಿಗೆ ದಿನದ ಒಳ್ಳೆಯ ಹೊತ್ತೆಂದರೆ ಮುಂಜಾವು. ಅತಿಥಿಗಳು ಏಳುವ ಮೊದಲೇ ಸಿಲಿಂಡರ್ ಬೆನ್ನಿಗೇರಿಸಿಕೊಂಡು ಒಬ್ಬಳೇ ದಡದಿಂದ ನಡೆದು ನೀರಿಗಿಳಿಯುತ್ತಿದ್ದಳು. ಅದಕ್ಕೆ ದೋಣಿ ಬೇಕಿರಲಿಲ್ಲ. ಸೊಂಟದ ಮಟ್ಟ ನೀರು ಬಂದಾಗ ಕಾಲಿಗೆ ರಬ್ಬರಿನ ರೆಕ್ಕೆ ಸಿಕ್ಕಿಸಿಕೊಂಡು, ಅಲೆಗೆ ಬೆನ್ನು ಕೊಟ್ಟು ಹಿಂದೆ ಹಿಂದೆ ಹೆಜ್ಜೆ ಇಟ್ಟು, ಅಲೆಯ ಅಬ್ಬರ ತಗ್ಗಿದ ಕ್ಷಣಕ್ಕೆ ಮುಳುಗಿಬಿಡುವುದು. ಒಬ್ಬರೇ ಮುಳುಗಬಾರದೆಂದು ಅತಿಥಿಗಳಿಗೆ ಕಟ್ಟುನಿಟ್ಟಾಗಿ ಹೇಳುವವಳೂ ಅವಳೇ. ಆದರೆ ಅವಳ ಜೋಡಿ ಮುಳುಗುತ್ತಿದ್ದವನು ಹೋಗಿಬಿಟ್ಟಿದ್ದ. ಬೇರೆ ಜೋಡಿ ಹುಡುಕಲು ಮನಸ್ಸಿರಲಿಲ್ಲ.

ಎಡಗಡೆಯ ಬಂಡೆ ದಾಟಿದರೆ ಮರಳಿನ ಬಯಲು. ಅಲ್ಲಿ ತೊರಕೆ ಮೀನುಗಳು ಮಲಗಿರುತ್ತಿದ್ದವು. ಮೊರದಂತೆ ಚಪ್ಪಟೆ, ಅಂಚೆಲ್ಲ ಸೀರೆಯ ನೆರಿಗೆಯಂತೆ ಅಲೆಯುವ ಮೈ, ಹಿಂದೆ ಚಾಟಿಯಂಥ ಬಾಲ, ಬಾಲದ ಮೇಲೆ ವಿಷದ ಮುಳ್ಳು. ಮೈಮೇಲೆ ಮರಳೆಳೆದುಕೊಂಡು ಕಣ್ಣು ಮಾತ್ರ ಹೊರಗಿಟ್ಟು ಬಿದ್ದಿರುತ್ತಿದ್ದವು. ಅವುಗಳಲ್ಲಿ ಒಂದು ದೊಡ್ಡದಕ್ಕೆ ಅರ್ಧ ಬಾಲವೇ ಇರಲಿಲ್ಲ. ಅವಳು ಅದಕ್ಕೆ ಮೊಂಡಿ ಎಂದು ಹೆಸರಿಟ್ಟಿದ್ದಳು. ಬಾಲ ಮೊಂಡಾದ್ದಕ್ಕೂ ಸರಿ, ಸ್ವಭಾವಕ್ಕೂ ಸರಿ: ಉಳಿದವು ಅವಳ ನೆರಳು ಕಂಡೊಡನೆ ಚದುರಿದರೆ ಇದು ಮಾತ್ರ ಜಪ್ಪಯ್ಯ ಎಂದರೂ ಜಾಗ ಬಿಡುತ್ತಿರಲಿಲ್ಲ. ಅವಳು ಸ್ವಲ್ಪ ದೂರದಲ್ಲಿ ಮರಳಿಗೆ ಮೊಣಕಾಲೂರಿ ಕೂರುತ್ತಿದ್ದಳು. ಅದು ಬಿದ್ದಿರುತ್ತಿತ್ತು. ಅದನ್ನು ಸ್ನೇಹ ಎಂದರೆ ದೊಡ್ಡ ಮಾತಾದೀತು. ಅಷ್ಟು ಹೊತ್ತು ಅವಳಿಗೆ ಒಂಟಿ ಅನಿಸುತ್ತಿರಲಿಲ್ಲ, ಅಷ್ಟೆ.

ಒಂದು ಸಂಜೆ ತಮ್ಮ ತಾನಾಗಿಯೇ ಅವಳ ಕೋಣೆಯ ಬಾಗಿಲಿಗೆ ಬಂದು ನಿಂತ. "ಅಕ್ಕಾ, ಊಟಕ್ಕೇನಾದ್ರೂ ಇದೆಯಾ?"

ಅವಳು ತಡಬಡಿಸಿ ಎದ್ದಳು. ಇದ್ದ ಒಂದೇ ಕುರ್ಚಿಯ ಮೇಲಿನ ಬಟ್ಟೆ ತೆಗೆದು ಅವನನ್ನು ಕೂರಿಸಿದಳು, ಮೊಟ್ಟೆ ಹುರಿದಳು, ತಾನು ಮಂಚದ ಅಂಚಿಗೆ ತಟ್ಟೆ ಹಿಡಿದು ಕೂತಳು. ಅವನು ಫೋನನ್ನು ಮಗುಚಿಟ್ಟು ತಿನ್ನುತ್ತಿದ್ದ. ಚಿಕ್ಕವನಿದ್ದಾಗ ತಿನ್ನುತ್ತಿದ್ದ ಹಾಗೆಯೇ, ತಲೆ ಎತ್ತದೆ.

"ಬೆಳಿಗ್ಗೆ ಬೆಳಿಗ್ಗೆ ಏನು ನೋಡೋಕೆ ಹೋಗ್ತೀಯ ಅಕ್ಕಾ, ದಿನಾ?"

ಯಾರೂ ಕೇಳದೆ ಎಷ್ಟೋ ಕಾಲವಾಗಿದ್ದ ಪ್ರಶ್ನೆ. ಅವಳು ಹೇಳಿದಳು. ಬಂಡೆ ದಾಟಿ ಯಾವ ಕಡೆ ತಿರುಗಬೇಕು, ತೊರಕೆಗಳು ಯಾವ ಹೊತ್ತಿಗೆ ಎಲ್ಲಿ ಮಲಗುತ್ತವೆ, ಮೊಂಡಿಯ ಹಟಮಾರಿತನ ಎಲ್ಲವನ್ನೂ ಹೇಳಿದಳು. ಅವನು ನಗುತ್ತಾ "ಆಮೇಲೆ?" ಎನ್ನುತ್ತಿದ್ದ. ತಟ್ಟೆ ಒಣಗುವವರೆಗೂ ಮಾತಾಡಿದಳು. ಅವನು ಹೋದ ಮೇಲೂ ಒಬ್ಬಳೇ ನಗುತ್ತಾ ಪಾತ್ರೆ ತೊಳೆದಳು.

ಆ ವಾರ ಅವಳು ಅತಿಥಿಗಳಿಗೆ ಈಜುಕೊಳದಲ್ಲಿ ಪಾಠ ಮಾಡುತ್ತಿದ್ದಾಗ ಬಂಡೆಯಾಚೆ ಬಲೆ ಹೊತ್ತ ದೋಣಿಗಳು ಹೋಗಿ ಬಂದವು. ಮರುದಿನ ಬೆಳಿಗ್ಗೆ ಮುಳುಗಿ ನೋಡಿದರೆ ಬಯಲು ಬರಿದಾಗಿತ್ತು. ಮರಳಿನಲ್ಲಿ ಅವು ಮಲಗಿದ್ದ ತಗ್ಗುಗಳು ಇನ್ನೂ ಹಾಗೇ ಇದ್ದವು.

ಹೊರಬಂದಾಗ ದೋಣಿಕಟ್ಟೆಯ ಪಕ್ಕದಲ್ಲಿ, ಎದೆಮಟ್ಟದ ನೀರಿನಲ್ಲಿ, ಇಳಿಯುವಾಗಿನ ನಸುಗತ್ತಲಲ್ಲಿ ಗಮನಕ್ಕೆ ಬಾರದಿದ್ದ, ಕಂಬ ನೆಟ್ಟು ಸುತ್ತ ಬಲೆ ಕಟ್ಟಿದ ಚೌಕ ಕಂಡಿತು. ಮೇಲೆ ಬಣ್ಣದ ಹಲಗೆ: ತೊರಕೆಗಳ ಜೊತೆ ಒಂದು ಮುಂಜಾನೆ. ಒಳಗೆ ಎಲ್ಲವೂ ಇದ್ದವು. ಒಬ್ಬ ಇಕ್ಕಳ ಹಿಡಿದು ಒಂದೊಂದರ ಬಾಲದ ಮುಳ್ಳನ್ನೂ ಕತ್ತರಿಸುತ್ತಿದ್ದ. ಮೊಂಡಿಗೆ ಕತ್ತರಿಸಲು ಏನೂ ಇರಲಿಲ್ಲ. ಅದು ಬಲೆಗೆ ಮೂಗು ತಾಗಿಸಿಕೊಂಡು ಸುತ್ತುತ್ತಿತ್ತು.

ಒದ್ದೆ ಬಟ್ಟೆಯಲ್ಲೇ ಅವಳು ತಮ್ಮನ ಆಫೀಸಿಗೆ ನುಗ್ಗಿದಳು. ತಣ್ಣನೆಯ ಕೋಣೆಯಲ್ಲಿ ಅವಳ ಮೈಯಿಂದ ನೀರು ಇಳಿದು ನೆಲದ ಮೇಲೆ ಮಡುಗಟ್ಟಿತು.

"ಹಿಡಿಯೋಕೆ ಅಂತ ನಾನು ಹೇಳಿದ್ನಾ ನಿನಗೆ?"

"ಕೂತ್ಕೋ ಅಕ್ಕಾ."

"ಕೂರಲ್ಲ. ಹೇಳು."

"ಮಾಲೀಕರು ಹೊಸದೇನಾದ್ರೂ ಮಾಡು ಅಂತ ಜೀವ ತಿಂತಿದ್ರು. ಪಕ್ಕದ ರೆಸಾರ್ಟಲ್ಲಿ ಮಾಡಿದಾರಂತೆ. ನಾನೇನು ಕೊಂದೆನಾ? ಊಟ ಹಾಕ್ತೀವಿ, ನೋಡ್ಕೋತೀವಿ. ನೀನೇ ಇರು ಅದರ ಮೇಲ್ವಿಚಾರಣೆಗೆ. ನಿನ್ನಷ್ಟು ಚೆನ್ನಾಗಿ ಯಾರು ನೋಡ್ಕೋತಾರೆ?" ಅವಳತ್ತ ನೋಡದೆ, "ಬೇಡ ಅಂದಿದ್ರೆ ಅವತ್ತು ಯಾಕೆ ಅಷ್ಟೆಲ್ಲ ಹೇಳಿದೆ?" ಎಂದ.

ನೀನು ಕೇಳಿದೆಯಲ್ಲ, ಅದಕ್ಕೆ ಹೇಳಿದೆ ಎನ್ನಬೇಕಿತ್ತು. ಅದನ್ನು ಹೇಳಿದರೆ ಅಳು ಬಂದುಬಿಡುತ್ತದೆಂದು ಹೊರಗೆ ನಡೆದಳು.

ಮೇಲ್ವಿಚಾರಣೆಗೆ ಒಪ್ಪಿಕೊಂಡದ್ದು ಮೊಂಡಿಯ ಸಲುವಾಗಿ. ಬಂದವರಿಗೆ ಕಾಲೆತ್ತಿ ಇಡಬೇಡಿ, ಮರಳಿನಲ್ಲಿ ಎಳೆದುಕೊಂಡು ನಡೆಯಿರಿ, ಬಾಲ ಮುಟ್ಟಬೇಡಿ ಎಂದು ಹೇಳುವುದು, ಕತ್ತರಿಸಿದ ಮೀನಿನ ತುಂಡುಗಳನ್ನು ಅವರ ಅಂಗೈಗೆ ಹಾಕುವುದು. ಜನ ಕಿರುಚುತ್ತಿದ್ದರು, ನಗುತ್ತಿದ್ದರು, ಫೋಟೋ ತೆಗೆಸಿಕೊಳ್ಳುತ್ತಿದ್ದರು. ಸಣ್ಣ ತೊರಕೆಗಳು ಬಲುಬೇಗ ಕೈಯಿಂದ ತಿನ್ನಲು ಕಲಿತವು. ಮೊಂಡಿ ತುಂಡು ಮುಟ್ಟಲಿಲ್ಲ. ಬಲೆಯುದ್ದಕ್ಕೂ ಒಂದೇ ದಾರಿಯಲ್ಲಿ ಸುತ್ತಿ ಸುತ್ತಿ ಮೂಗಿನ ಚರ್ಮ ಸುಲಿದು ಬೆಳ್ಳಗಾಯಿತು. ಬೆಳಗಿನ ಈಜನ್ನು ಅವಳು ಬಿಟ್ಟೇಬಿಟ್ಟಳು. ಬರಿದಾದ ಬಯಲಿಗೆ ಹೋಗಿ ಯಾರ ಎದುರು ಕೂರುವುದು? ಸಂಜೆ ತಮ್ಮ ಒಂದೆರಡು ಬಾರಿ ಬಾಗಿಲು ತಟ್ಟಿದ. ದೀಪ ಆರಿಸಿ ಸುಮ್ಮನೆ ಮಲಗಿದ್ದಳು.

ಹಾಗಿರುವಾಗ, ಒಂದು ಬೆಳಿಗ್ಗೆ ಚೌಕದೊಳಗೆ ಜನ ತುಂಬಿದ್ದಾಗ, ಕಪ್ಪು ಕನ್ನಡಕ ಹಾಕಿದ್ದ ಹೆಂಗಸೊಬ್ಬಳು ಕೂಗಿಕೊಂಡಳು: "ಇದರ ಹೊಟ್ಟೆಯಿಂದ ಏನೋ ಬಿತ್ತು!"

ಉಸಿರಕ್ಕ ಮುಖಕ್ಕೆ ಮಾಸ್ಕ್ ಎಳೆದುಕೊಂಡು ನೀರೊಳಗೆ ಬಗ್ಗಿದಳು. ಮೊಂಡಿ ತಳದಿಂದ ಸ್ವಲ್ಪ ಮೇಲೆ ನಿಂತು ಅದುರುತ್ತಿತ್ತು. ಅದರ ಅಡಿಯಿಂದ ಚಾಪೆ ಸುತ್ತಿದ ಹಾಗೆ ಸುರುಳಿಯಾದದ್ದೊಂದು ಜಾರಿತು. ಜಾರಿದ್ದು ನೀರಿನಲ್ಲಿ ಒಂದು ಸಲ ಹೊರಳಿ, ಮೈ ಬಿಚ್ಚಿ, ಅಂಗೈಯಗಲದ ತೊರಕೆಯಾಯಿತು. ಅದರ ಹಿಂದೆ ಇನ್ನೊಂದು. ಬಾಲಗಳು ಪೂರ್ತಿ ಇದ್ದವು, ದಾರದಷ್ಟು ಸಣ್ಣಗೆ. ಇಷ್ಟು ಕಾಲ ಎದುರೆದುರು ಕೂತವಳಿಗೆ ಅದು ಬಸುರಿ ಎಂಬುದೇ ತಿಳಿದಿರಲಿಲ್ಲ.

ಮರಿಗಳು ಅಮ್ಮನ ಕಡೆ ನೋಡಲೂ ಇಲ್ಲ. ನೇರ ಬಲೆಯತ್ತ ಹೋಗಿ, ಅದರ ಕಣ್ಣುಗಳಲ್ಲಿ ನುಸುಳಿ ಆಚೆ ಹೊರಟುಹೋದವು. ಮೊಂಡಿ ಹಿಂದೆಯೇ ಹೋಗಿ ಬಲೆಗೆ ಮೂಗು ಒತ್ತಿ ನಿಂತಿತು. ಸುತ್ತುವುದನ್ನೂ ಮರೆತು ನಿಂತಿತು.

ತಮ್ಮ ಓಡೋಡಿ ಬಂದು ಕಟ್ಟೆಯ ಮೇಲೆ ನಿಂತ. ಮುಖದ ತುಂಬ ಸಂತೋಷ. "ಮರಿನಾ? ಅಯ್ಯೋ, ಬಿಡಬೇಡಿ! ಜನ ಮುಗಿಬೀಳ್ತಾರೆ!" ಎಂದವನೇ ವಾಕಿಟಾಕಿ ಬಾಯಿಗೆ ಹಿಡಿದ. "ಸಣ್ಣ ಕಣ್ಣಿನ ಬಲೆ ಇದೆಯಲ್ಲ, ತಗೊಂಡು ಬನ್ನಿ, ಬೇಗ!"

ಅವಳು ಕಾಲಿಗೆ ಕಟ್ಟಿದ್ದ ಚಾಕು ತೆಗೆದಳು. ಮೇಲಿನಿಂದ ತಮ್ಮ ನೋಡಿದ. "ಅಕ್ಕಾ! ಬೇಡ!"

ಅವಳು ಮುಳುಗಿದಳು. ಬಲೆಯ ಬುಡಕ್ಕೆ ತೂಕ ಕಟ್ಟಿದ ಹಗ್ಗವನ್ನು ಕೊಯ್ದು, ಕಂಬದಿಂದ ಕಂಬದವರೆಗೆ ಬಲೆಯನ್ನು ಸೀಳಿ ಎರಡೂ ಕೈಯಿಂದ ಮೇಲೆತ್ತಿ ಹಿಡಿದಳು. ಸಣ್ಣ ತೊರಕೆಗಳು ಮೊದಲು ಹೋದವು, ಅವಳ ಮೊಣಕೈಗೆ ಮೈ ಸವರಿಕೊಂಡು. ಮೊಂಡಿ ಮಾತ್ರ ಹೊರಳಿ ತನ್ನ ಹಳೆಯ ದಾರಿ ಹಿಡಿಯಿತು. ಬಾಯ್ದೆರೆದ ಬಲೆಯ ಮುಂದೆಯೇ ಹಾದು, ಅದನ್ನು ಕಂಡೇ ಇಲ್ಲವೆಂಬಂತೆ ಮುಂದಕ್ಕೆ ಹೋಯಿತು. ಮತ್ತೆ ಬಂತು, ಮತ್ತೆ ಹಾದುಹೋಯಿತು. ಅವಳ ಎದೆ ಬಿರಿಯುತ್ತಿತ್ತು. ಸಿಲಿಂಡರ್ ಇರಲಿಲ್ಲ, ಮೇಲೆ ಬಂದು ಗಾಳಿ ನುಂಗಿ ಮತ್ತೆ ಮುಳುಗಿ ಬಲೆ ಎತ್ತಿ ಹಿಡಿದಳು. ಕೊನೆಗೊಂದು ಸುತ್ತಿನಲ್ಲಿ ಹೊರಗಿನ ತಣ್ಣೀರು ತಾಗಿತೋ ಏನೋ, ಮೊಂಡಿಯ ಒಂದು ಪಕ್ಕ ಮೇಲೆದ್ದಿತು, ಮೈ ವಾಲಿತು, ಅವಳ ಕೈಯ ಕೆಳಗೆ ಹೊರಗೆ ಜಾರಿತು. ತಿರುಗಿ ನೋಡಲಿಲ್ಲ. ತಿರುಗಿ ನೋಡಲು ಅವಳು ಅದಕ್ಕೇನಾಗಬೇಕು?

ತಲೆ ಹೊರಗಿಟ್ಟಾಗ ಚಪ್ಪಾಳೆ ಕೇಳಿಸಿತು. ಅತಿಥಿಗಳೆಲ್ಲ ಇದೂ ಕಾರ್ಯಕ್ರಮದ ಭಾಗವೆಂದೇ ತಿಳಿದಿದ್ದರು. "ನಾಳೆನೂ ಬಿಡ್ತೀರಾ? ನಮ್ಮ ಯಜಮಾನ್ರು ಇವತ್ತು ಮಲಗಿಬಿಟ್ಟಿದಾರೆ" ಎಂದು ಕಪ್ಪು ಕನ್ನಡಕದವಳು ಕೇಳಿದಳು.

ಮಧ್ಯಾಹ್ನ ಮಾಲೀಕರು ಇಬ್ಬರನ್ನೂ ಕರೆಸಿದರು. ತಮ್ಮನೇ ಮೊದಲು ಬಾಯಿ ತೆರೆದ. "ಬಲೆ ಎಲ್ಲೋ ಸಿಕ್ಕಿಕೊಂಡಿತ್ತು ಸರ್, ಬಿಡಿಸೋಕೆ ಹೋದ್ರು. ನಾನು ಕೂಗಿದ್ದು ನೀರೊಳಗೆ ಕೇಳಿಸಿಲ್ಲ."

ಅವನು ಚಾಚಿದ ಕೈಯನ್ನು ಅವಳು ಹಿಡಿಯಬಹುದಿತ್ತು. ಹೂಂ ಎಂದಿದ್ದರೆ ಮುಗಿಯುತ್ತಿತ್ತು.

"ಕೇಳಿಸಿತ್ತು" ಎಂದಳು.

ತಮ್ಮ ತಲೆ ತಗ್ಗಿಸಿದ. ಸಂಜೆಯೊಳಗೆ ಕೋಣೆ ಖಾಲಿ ಮಾಡುವಂತೆ ಅಪ್ಪಣೆಯಾಯಿತು.

ಬಸ್ ನಿಲ್ದಾಣದವರೆಗೆ ಅವಳ ಚೀಲ ಹೊತ್ತು ತಂದವನು ಅವನೇ. ವಾಕಿಟಾಕಿ ಗೊರಗೊರ ಎಂದಾಗ ಅದರ ಕಿವಿ ಹಿಂಡಿ ಬಾಯಿ ಮುಚ್ಚಿಸಿದ.

"ನಿನಗೇನಾದ್ರೂ ಅಂದ್ರಾ?" ಎಂದು ಕೇಳಿದಳು.

"ಬಲೆ ಹೊಸದು ಹಾಕಿಸು ಅಂದ್ರು." ಚೀಲವನ್ನು ಇನ್ನೊಂದು ಕೈಗೆ ಬದಲಿಸಿ ಹೇಳಿದ: "ಅವತ್ತು ನಾನು ಊಟಕ್ಕೇ ಬಂದಿದ್ದು ಅಕ್ಕಾ. ಕೇಳೋಣ ಅಂತ ಬಂದಿರಲಿಲ್ಲ. ನೀನು ಹೇಳ್ತಾ ಹೋದ ಮೇಲೆ ತಲೆಗೆ ಬಂತು."

ನಿಜವಿರಬಹುದು, ಇಲ್ಲದೆಯೂ ಇರಬಹುದು. ಬಸ್ಸು ಬಂತು, ಅವಳು ಅವನ ಕೈಯಿಂದ ಚೀಲ ತೆಗೆದುಕೊಂಡು ಹತ್ತಿದಳು.

ಈಗ ಅವಳು ಸಮುದ್ರದಿಂದ ಬಹುದೂರದ ಒಂದು ಊರಿನಲ್ಲಿದ್ದಾಳೆ. ನಗರಸಭೆಯ ಈಜುಕೊಳದಲ್ಲಿ ಹೆಂಗಸರಿಗೆ ಈಜು ಕಲಿಸುತ್ತಾಳೆ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಬಾಡಿಗೆ ಕೋಣೆ. ಕೂದಲಲ್ಲಿ ಸದಾ ಔಷಧಿ ನೀರಿನ ವಾಸನೆ. ಕೊಳದ ತಳ ನೀಲಿ ಹೆಂಚು, ಅಲ್ಲಿ ನೋಡಲು ಏನೂ ಇಲ್ಲ. ಕಲಿಯಲು ಬಂದ ಹೆಂಗಸರು ಗುಂಪುಗುಂಪಾಗಿ ಹರಟುತ್ತಾ ಮನೆಗೆ ಹೋಗುತ್ತಾರೆ. ಅವಳು ಬಾಗಿಲಿಗೆ ಬೀಗ ಹಾಕಿ ಕೊನೆಯಲ್ಲಿ ಹೊರಡುತ್ತಾಳೆ.

ರಜೆಯ ದಿನ ತಮ್ಮ ಫೋನ್ ಮಾಡುತ್ತಾನೆ. ಬಿಸಿಲು ಹೇಗಿದೆ, ಮೊಣಕಾಲು ಹೇಗಿದೆ, ಅಷ್ಟೆ. ಒಂದು ಸಲ ಅವನಾಗಿಯೇ ಹೇಳಿದ: "ಬೇರೆ ತೊರಕೆ ತಂದು ಬಿಟ್ಟಿದಾರೆ ಅಕ್ಕಾ. ದೂರದಿಂದ, ಮೀನುಗಾರರ ಹತ್ರ ತರಿಸಿದ್ದು. ನಿನ್ನವು ಅಲ್ಲ."

"ಹೂಂ."

"ನಿನ್ನವು ಯಾವೂ ಸಿಗಲಿಲ್ಲ."

"ಹೂಂ."

ಅವನ ಕಡೆಯಿಂದ ಫ್ಯಾನ್ ತಿರುಗುವ ಸದ್ದು ಕೇಳುತ್ತಿತ್ತು. ಇವಳ ಕಡೆಯಿಂದ ಅವನಿಗೆ ಕೆಳಗಿನ ಅಂಗಡಿಯಲ್ಲಿ ಟೈರಿಗೆ ಗಾಳಿ ಹೊಡೆಯುವ ಸದ್ದು ಕೇಳುತ್ತಿತ್ತೋ ಏನೋ.

"ಫೋನ್ ಇಡ್ಲಾ ಅಕ್ಕಾ?"

"ಸ್ವಲ್ಪ ಇರು" ಎಂದಳು. ಅವನು ಇದ್ದ.