ಜಡೆಪ್ಪ ಮುಚ್ಚಿಟ್ಟ ಒಲೆಗಳು

ಕಂಪ್ಲಿ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಕಾಲ. ಆ ಬೇಸಿಗೆಯಲ್ಲಿ ಊರಿಗೆ ವಾಂತಿಭೇದಿ ಕಾಲಿಟ್ಟಿತ್ತು. ಅಂಥ ಹೊತ್ತಿನಲ್ಲೂ ಜಡೆಪ್ಪನಿಗೆ ಮನೆತನದ ಮರ್ಯಾದೆಯದೇ ಚಿಂತೆ. ಅವನ ದೊಡ್ಡ ಮನೆಗೆ ಬಾಗಿಲು ಒಂದೇ. ಒಳಗೆ ನಾಲ್ವರು ಅಣ್ಣತಮ್ಮಂದಿರ ಒಲೆ ನಾಲ್ಕು. ಒಲೆ ಬೇರೆಯಾದದ್ದು ಓಣಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದಂತೆ ಇರುವುದು ಓಣಿಯ ಸೌಜನ್ಯ, ಏಕೆಂದರೆ ಮನೆಮನೆಯ ಕಥೆಯೂ ಅದೇ.

ಒಲೆ ಎಣಿಸಲು ಬಂದವನು ಹಳೆಯ ಗೆಳೆಯ ಗಾದಿಲಿಂಗಪ್ಪ, ಆರೋಗ್ಯ ಕಚೇರಿಯ ಗುಮಾಸ್ತ.

“ಒಂದ ಒಲಿ, ಬರ್ಕೋ,” ಎಂದ ಜಡೆಪ್ಪ.

“ಲೇ ಜಡ್ಯಾ, ಹೊಗಿ ನಾಕು ಕಡೆ ಏಳಾಕತ್ತೈತಲ್ಲೋ!”

“ಹೊಗಿಗೇನು, ಎಲ್ಲಿ ಬೇಕಾದಲ್ಲಿ ಏಳ್ತೈತಿ.”

“ನಗಬ್ಯಾಡ, ಕೇಳಿಲ್ಲಿ. ಎಲ್ಲಾ ಓಣಿ ನೋಡಾಕ ನಮ್ಮಲ್ಲಿ ಮಂದಿ ಇಲ್ಲ. ಒಲಿಗೊಂದು ಹುಣಸಿಬೀಜ, ಅದರ ಮ್ಯಾಲೆ ಓಣಿ ಗುರುತು. ಎಲ್ಲಾ ಚೀಲಕ್ಕ ಹಾಕಿ ಒಂದೆರಡು ತಗೀತೀವಿ. ಬೀಜ ಬಂದ ಓಣಿಯಾಗ ಬಾವಿ, ಬ್ಯಾನಿ ನೋಡ್ತೀವಿ. ಒಲಿಗೆ ಎಷ್ಟು ಬ್ಯಾನಿ ಅಂತ ಹಿಡಿದು ಊರಿಗೆಲ್ಲಾ ಲೆಕ್ಕ ಹಾಕಿ ಮದ್ರಾಸಿಂದ ಔಷಧ ತರಸ್ತೀವಿ. ನೀವು ಒಲಿ ಮುಚ್ಚಿಟ್ರ ನಿಮ್ಮ ಬೀಜ ಕಡಿಮಿ, ಊರ ಲೆಕ್ಕಾನೂ ಕೆಡತೈತಿ.”

“ಬೀಜ ಎಣಸಿದ್ರ ಬ್ಯಾನಿ ಹೋಗ್ತೈತೇನಲೇ? ಮಜ್ಜಿಗಿ ಕುಡಿ, ನಡಿ.”

ಓಣಿಯೆಲ್ಲ ಜಡೆಪ್ಪನ ದಾರಿ ಹಿಡಿಯಿತು. ಪೇಟೆ ಓಣಿಯವರದು ಇನ್ನೊಂದು ಬಗೆ: ದೊಡ್ಡಸ್ತಿಕೆಗೆಂದು ಪಾಳುಮನೆಗಳ ಒಲೆಗಳನ್ನೂ ಸೇರಿಸಿ ಬರೆಸಿದರು. ಚೀಲದಿಂದ ಅವರ ಬೀಜವೇ ಬಂತು. ಇಲ್ಲದ ಒಲೆಗಳ ಮುಂದೆ ಬೇನೆಯವರೂ ಇರಲಿಲ್ಲ, ಒಲೆಗಿಷ್ಟು ಬೇನೆ ಎಂಬ ಲೆಕ್ಕ ಇಳಿಯಿತು. ಊರಲ್ಲಿ ರೋಗ ಕಡಿಮೆಯೆಂದು ಮದರಾಸಿಗೆ ಬರೆದದ್ದಾಯಿತು. ಔಷಧವೂ ಅಷ್ಟೇ ಬಂತು.

ಜಡೆಪ್ಪನ ಓಣಿಯ ಬಾವಿಯನ್ನು ಯಾರೂ ಇಣುಕಿ ನೋಡಲಿಲ್ಲ. ಅದರ ನೀರು ಕುಡಿದು ಕೊನೆಯ ತಮ್ಮನ ಹೆಂಡತಿ ಸುವರ್ಣಮ್ಮ ಹಾಸಿಗೆ ಹಿಡಿದಾಗ ಜಡೆಪ್ಪ ಕಚೇರಿಗೆ ಓಡಿದ. ಔಷಧದ ಪೆಟ್ಟಿಗೆ ಬರಿದಾಗಿತ್ತು. ಬರಿಗೈಲಿ ಮರಳುವಷ್ಟರಲ್ಲಿ ಅವಳ ಉಸಿರು ನಿಂತಿತ್ತು.

ಗಾದಿಲಿಂಗಪ್ಪ ಮತ್ತೆ ಎಣಿಸಲು ಬಂದ. ಈ ಸಲ ಜಡೆಪ್ಪನೇ ಒಳಗೆ ಕರೆದೊಯ್ದ.

“ಇದು ನಂದು. ಇದು ಎರಡನೇವಂದು. ಅದು ಮೂರನೇವಂದು.”

ನಾಲ್ಕನೆಯದರಲ್ಲಿ ಬೂದಿ ತಣ್ಣಗಿತ್ತು. “ಇದನ್ನ ಬರೀಬ್ಯಾಡಪಾ. ಸಣ್ಣಾವ ಈಗ ನನ್ನ ಕೂಡ ಉಣ್ತಾನ.”

ಗಾದಿಲಿಂಗಪ್ಪ ಮೂರೇ ಬೀಜ ಎಣಿಸಿಕೊಂಡ.

ಓದುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಬಾಗಿಲಿಗೂ ಎಣಿಸುವವರು ಬಂದಾರು. ಉರಿಯುವ ಒಲೆಗಳನ್ನೆಲ್ಲ ಹೇಳಿ. ಒಂದನ್ನೂ ಮುಚ್ಚಿಡಬೇಡಿ, ಇಲ್ಲದ್ದನ್ನು ಸೇರಿಸಬೇಡಿ. ಒಲೆ ಬೇರೆಯಾದರೆ ಜನ ನಾಲ್ಕು ದಿನ ಆಡಿಕೊಳ್ಳುತ್ತಾರೆ. ಸುವರ್ಣಮ್ಮನ ಒಲೆಯ ಬಗ್ಗೆ ಈಗ ಯಾರೂ ಆಡಿಕೊಳ್ಳುವುದಿಲ್ಲ.