ನೊರೆಯಣ್ಣನ ನೂರಾ ಹನ್ನೆರಡು ಫಾರ್ಮುಗಳು

ಮುಖದ ತುಂಬ ನೊರೆ, ಕುತ್ತಿಗೆಯ ಸುತ್ತ ಬಿಗಿದ ಬಿಳಿ ಬಟ್ಟೆ, ಗಂಟಲ ಹತ್ತಿರ ಆಡುತ್ತಿರುವ ಕತ್ತಿ. ಹೀಗೆ ಕೂತಿರುವಾಗ ಯಾವ ಗಂಡಸು ತಾನೇ ‘ಆಗಲ್ಲ’ ಎಂದಾನು? ಈ ಒಂದೇ ಸತ್ಯದ ಮೇಲೆ ನೊರೆಯಣ್ಣ ತನ್ನ ಸಮಾಜಸೇವೆಯನ್ನೆಲ್ಲ ಕಟ್ಟಿದ್ದ.

ನೊರೆಯಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಮೂರು ಕುರ್ಚಿಯ ಕ್ಷೌರದಂಗಡಿ ಅವನದು. ಬ್ರಷ್ಷನ್ನು ಬಟ್ಟಲಲ್ಲಿ ಗರಗರ ತಿರುಗಿಸಿ ಅವನು ಎಬ್ಬಿಸಿದ ನೊರೆ ಗಿರಾಕಿಯ ಕಿವಿಯವರೆಗೂ ಉಬ್ಬಿ ಬರುತ್ತಿತ್ತು. ಅವನ ಮಾತೂ ಹಾಗೆಯೇ. ತಡೆಯುವವರಿಲ್ಲದಿದ್ದರೆ ಬೀದಿಯ ಕೊನೆಯವರೆಗೂ ಉಕ್ಕಿ ಹರಿಯುವಂಥದ್ದು.

ಆದರೆ ಅವನ ಮಾತಿಗೆ ಕಾರಣವಿತ್ತು. ಆರು ವರ್ಷದ ಹಿಂದೆ ಅವನ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ದಿನ ಆಸ್ಪತ್ರೆಯ ಯಂತ್ರದ ಪಕ್ಕ ಮಲಗಿ ರಕ್ತ ಶುದ್ಧ ಮಾಡಿಸಿಕೊಂಡು ಬರುವುದೇ ಎರಡು ವರ್ಷ ಅವನ ಬದುಕಾಯಿತು. ಆಮೇಲೆ ಒಂದು ಮಧ್ಯಾಹ್ನ ಫೋನ್ ಬಂತು. ಯಾರೋ ತೀರಿಕೊಂಡಿದ್ದರು, ಅವರ ಮನೆಯವರು ಒಪ್ಪಿದ್ದರು. ಯಾರು ಏನು ಎಂದು ಅವನಿಗೆ ಯಾರೂ ಹೇಳಲಿಲ್ಲ, ಹೇಳುವ ಹಾಗೂ ಇರಲಿಲ್ಲ. ಅಂದಿನಿಂದ ಇಂದಿನವರೆಗೆ ನಾಲ್ಕು ವರ್ಷ, ಆ ಅಪರಿಚಿತರ ಕಿಡ್ನಿ ಅವನ ಹೊಟ್ಟೆಯೊಳಗೆ ತಕರಾರಿಲ್ಲದೆ ದುಡಿಯುತ್ತಿತ್ತು.

ಅಂಗದಾನದ ಬಗ್ಗೆ ಬೀದಿ ಬೀದಿ ಸುತ್ತಿ ಜನರಿಗೆ ತಿಳಿಸುವುದು ಆಸ್ಪತ್ರೆಯ ನರ್ಸಮ್ಮನ ಕೆಲಸ. ಪಾಪ, ಗ್ರಂಥಾಲಯದ ಹಾಲಿನಲ್ಲಿ ಅವಳು ಸಭೆ ಕರೆದರೆ ಏಳು ಜನ ಬಂದಿದ್ದರು. ಅದರಲ್ಲಿ ಮೂವರು ಚಹಾಕ್ಕೆ ಬಂದವರು.

“ನಿಮ್ಮ ಸಭೆಗೆ ಬರದೆ ಜನ ತಪ್ಪಿಸ್ಕೋಬಹುದು ನರ್ಸಮ್ಮ, ನನ್ನ ಅಂಗಡಿಗೆ ಬರದೆ ಎಲ್ಲಿ ಹೋಗ್ತಾರೆ? ಗಡ್ಡ ಯಾರ ಮಾತು ಕೇಳುತ್ತೆ ಹೇಳಿ? ಆ ಫಾರ್ಮುಗಳನ್ನ ಇತ್ತ ಕೊಡಿ,” ಎಂದು ನೊರೆಯಣ್ಣ ಒಂದು ಕಟ್ಟು ಇಸಿದುಕೊಂಡ.

ಅವನದೇ ಒಂದು ಕ್ರಮವಿತ್ತು. ಬಲಗೆನ್ನೆ ಬೋಳಿಸುವಾಗ ತನ್ನ ಕಥೆ. ಎಡಗೆನ್ನೆಗೆ ಬಂದಾಗ, ಹೋಗುವ ಒಂದು ಜೀವ ಎಂಟು ಜನರನ್ನು ಉಳಿಸಬಹುದು ಎಂಬ ವಿವರ. ಕೊನೆಗೆ ಮೂಗಿನ ಕೆಳಗೆ ಕತ್ತಿ ತಂದು, “ಏನಂತೀರಾ, ಬರೆಯೋಣ ತಾನೆ?” ಎಂದು ಕೇಳುತ್ತಿದ್ದ. ಅಲ್ಲಿ ಕತ್ತಿ ಇರುವಾಗ ತುಟಿ ತೆರೆಯುವಂತಿಲ್ಲ. ತುಟಿ ಮುಚ್ಚಿಕೊಂಡು ಮನುಷ್ಯ ಆಡಬಹುದಾದ ಮಾತು ಒಂದೇ, ‘ಹ್ಞೂಂ’. ಮುಖ ಒರೆಸಿಕೊಂಡು ಎದ್ದವನ ಕೈಗೆ ಪೆನ್ನು ಬಂದಿರುತ್ತಿತ್ತು. ಸಾಕ್ಷಿಗೆ ಪಕ್ಕದ ಕುರ್ಚಿಯವನು ಸಿದ್ಧನಾಗಿರುತ್ತಿದ್ದ. ಹೀಗೆ ಪೋಸ್ಟ್‌ಮ್ಯಾನ್ ಒಬ್ಬನೇ ಹತ್ತೊಂಬತ್ತು ಜನರಿಗೆ ಸಾಕ್ಷಿಯಾದ.

ಅಂಗಡಿಯ ಹಿಂದಿನ ಕೋಣೆಯಲ್ಲಿ ನೊರೆಯಣ್ಣನ ಹೆಂಡತಿ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ನಡುವೆ ತೆಳ್ಳನೆಯ ಗೋಡೆ. ಇವನು ಬಲಗೆನ್ನೆಯ ಕಥೆ ಶುರು ಮಾಡಿದನೆಂದರೆ ಅತ್ತ ಹೊಲಿಗೆ ಯಂತ್ರದ ಓಟ ಜೋರಾಗುತ್ತಿತ್ತು. ಅದು ಮೆಚ್ಚುಗೆಯಲ್ಲ ಎಂದು ತಿಳಿಯದಷ್ಟು ದಡ್ಡನೇನಲ್ಲ ಅವನು. ಎಲ್ಲರಿಗಿಂತ ಮೊದಲು ತನ್ನ ಫಾರ್ಮು ತುಂಬಿ ಸಹಿಗೆಂದು ಅವಳ ಮುಂದೆ ಹಿಡಿದಿದ್ದ. ಅವಳು ಹಲ್ಲಿನಲ್ಲಿ ದಾರ ಕಡಿದು, “ನಂಗೆ ಕೆಲಸ ಇದೆ,” ಎಂದಿದ್ದಳು. ಆಮೇಲೆ ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಒಂದು ಮಂಗಳವಾರ ನರ್ಸಮ್ಮ ಬಂದಳು. ಕಟ್ಟು ಎಣಿಸಿದಳು. ನೂರಾ ಹನ್ನೆರಡು! ಸಂತೋಷಕ್ಕೆ ಅವಳು ತಿರುಗುವ ಕುರ್ಚಿಯಲ್ಲಿ ಕೂತು ಒಂದು ಸುತ್ತು ತಿರುಗಿಯೇಬಿಟ್ಟಳು. ಆಮೇಲೆ ಮೊದಲ ಫಾರ್ಮಿನ ಹಿಂದಿನ ಪುಟ ನೋಡಿದಳು, ಎರಡನೆಯದನ್ನು ನೋಡಿದಳು, ಮೂವತ್ತನೆಯದನ್ನೂ ನೋಡಿದಳು.

“ಅಣ್ಣಾ, ಮನೆಯವರ ಸಹಿ ಎಲ್ಲಿ?”

“ಅದು ಆಮೇಲೆ ಹಾಕಿಸಿದ್ರಾಯ್ತು ಅಂತ…”

ನರ್ಸಮ್ಮ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮೆಲ್ಲಗೆ ಹೇಳಿದಳು, “ನೋಡಿ, ಮಿದುಳು ನಿಂತುಹೋಗಿದೆ, ಇನ್ನು ವಾಪಸ್ ಬರಲ್ಲ ಅಂತ ಡಾಕ್ಟ್ರು ಹೇಳಿದ ಮೇಲೆ ನಾನು ಹೋಗಿ ಕೇಳೋದು ಮನೆಯವರನ್ನ. ಸಹಿ ಹಾಕಿದವರು ಅವತ್ತು ಮಾತಾಡಲ್ಲ. ಮನೆಯವರು ಬೇಡ ಅಂದ್ರೆ ಮುಗೀತು. ಅವರಿಗೆ ಗೊತ್ತೇ ಇಲ್ಲದ ‘ಹ್ಞೂಂ’ ಇಟ್ಕೊಂಡು ನಾನೇನು ಮಾಡ್ಲಿ? ನಿಮ್ಮದರಲ್ಲೇ ಖಾಲಿ ಇದೆಯಲ್ಲ ಅಣ್ಣಾ.”

ಗೋಡೆಯಾಚೆ ಯಂತ್ರ ನಿಂತುಹೋಗಿತ್ತು.

“ಭಾನುವಾರ ಬರ್ತೀನಿ. ಎಲ್ಲರಿಗೂ ಮನೆಯವರನ್ನ ಕರ್ಕೊಂಡು ಬರೋಕೆ ಹೇಳಿ. ನಿಮ್ಮದು ತುಂಬಿದ್ರೆ ಉಳಿದವರನ್ನ ಕೇಳೋಕೆ ನಮಗೆ ಮುಖ ಇರುತ್ತೆ. ಇಲ್ದಿದ್ರೆ ಈ ಕಟ್ಟು ನನ್ನ ಜೊತೆ ವಾಪಸ್.”

ನಾಲ್ಕು ದಿನ ನೊರೆಯಣ್ಣ ಹೆಂಡತಿಯ ಹಿಂದೆ ಮುಂದೆ ಸುಳಿದ. ನೂರಾ ಹನ್ನೊಂದು ಗಂಡಸರನ್ನು ಒಪ್ಪಿಸಿದವನಿಗೆ ಒಬ್ಬ ಹೆಂಗಸಿನ ಮುಂದೆ ನಾಲಗೆ ಏಳಲಿಲ್ಲ. ಅವಳ ಕೈಯಲ್ಲಿ ಕತ್ತರಿ ಇತ್ತೆನ್ನಿ.

ಭಾನುವಾರ ಹತ್ತು ಜನ ಬಂದಾರು ಎಂದುಕೊಂಡಿದ್ದ. ಬೀದಿಯೇ ಬಂತು. ಗಂಡಸರು ಹಿಂದೆ, ತಲೆ ತಗ್ಗಿಸಿಕೊಂಡು. ಹೆಂಗಸರು ಮುಂದೆ, ಕಣ್ಣು ಕೆಂಪಗೆ ಮಾಡಿಕೊಂಡು. ಇಷ್ಟು ವರ್ಷದಲ್ಲಿ ಅವರು ಈ ಅಂಗಡಿಯ ಹೊಸಿಲು ದಾಟಿದ್ದು ಇದೇ ಮೊದಲು. ಕುರ್ಚಿ ಹಿಡಿದವರು ಹಿಡಿದರು, ಉಳಿದವರು ಕನ್ನಡಿಯ ಕೆಳಗಿನ ಕಟ್ಟೆಯ ಮೇಲೆ ಬಾಟಲಿಗಳನ್ನು ಪಕ್ಕಕ್ಕೆ ಸರಿಸಿ ಕೂತರು.

ಬಸ್ ಡ್ರೈವರನ ಹೆಂಡತಿಯೇ ಮೊದಲು ಬಾಯಿ ತೆರೆದಳು. “ನನ್ನ ಕೇಳದೆ ಒಂದು ಬನಿಯನ್ ತಗೊಳ್ಳಲ್ಲ ಈ ಮನುಷ್ಯ. ಗುಂಡಿಗೆ ಬರ್ಕೊಟ್ಟಿದ್ದಾನೆ!”

ಅಂಗಡಿ ನಗೆಯಲ್ಲಿ ಅಲುಗಾಡಿತು. ಡ್ರೈವರ್ ಗೋಡೆಗೆ ಅಂಟಿಕೊಂಡ. “ಮೂಗಿನ ಕೆಳಗೆ ಕತ್ತಿ ಇತ್ತು ಕಣೇ,” ಎಂದ. ನೊರೆಯಣ್ಣನ ಗುಟ್ಟು ಅಲ್ಲಿಗೆ ರಟ್ಟಾಯಿತು. ಸಹಿ ಹಾಕಿದ್ದವರೆಲ್ಲ ನನಗೂ ಹಾಗೇ, ನನಗೂ ಹಾಗೇ ಎಂದು ಕೈಯೆತ್ತಿದರು.

ನರ್ಸಮ್ಮ ಪಳಗಿದವಳು. ನಗು ಇಳಿಯುವವರೆಗೂ ಕಾದು ಒಂದೊಂದಾಗಿ ಉತ್ತರ ಕೊಟ್ಟಳು. ಲೆಕ್ಕದ ಮೇಷ್ಟ್ರ ಹೆಂಡತಿಗೆ ಒಂದು ಅನುಮಾನವಿತ್ತು. ಈ ಚೀಟಿ ನೋಡಿ ಆಸ್ಪತ್ರೆಯವರು ಚಿಕಿತ್ಸೆಯನ್ನೇ ಕೈಬಿಟ್ಟರೆ? ಬದುಕಿಸಲು ನೋಡುವ ಡಾಕ್ಟರೇ ಬೇರೆ, ಅವರ ಪ್ರಯತ್ನವೆಲ್ಲ ಮುಗಿದ ಮೇಲೆಯೇ ತಾನು ಮುಖ ತೋರಿಸುವುದು ಎಂದಳು ನರ್ಸಮ್ಮ. ದೇಹ ವಿಕಾರವಾದೀತೆಂದು ಅಳುಕಿದವರಿಗೆ, ಮುಖ ಕೆಡುವುದಿಲ್ಲ, ದೇಹವನ್ನು ಹೊಲಿದು, ಸ್ವಚ್ಛ ಮಾಡಿ, ಗೌರವದಿಂದ ಮನೆಗೆ ಕಳಿಸುತ್ತಾರೆ ಎಂದಳು.

ಪೋಸ್ಟ್‌ಮ್ಯಾನನ ತಾಯಿ, ಎಂಬತ್ತು ದಾಟಿದ ಅಜ್ಜಿ, ನಡುವಿನ ಕುರ್ಚಿಯಿಂದ ಕೂಗಿದಳು. “ನಂದು ಎಲ್ಲಾ ಸವೆದುಹೋಗಿದೆ ಮಗಳೇ. ಯಾರು ತಗೋತಾರೆ?”

“ಕಣ್ಣಿಗೆ ವಯಸ್ಸಿಲ್ಲ ಅಜ್ಜಿ.”

“ಹಾಗಾದ್ರೆ ಕಣ್ಣು ಬರ್ಕೋ. ಕನ್ನಡಕ ಮಾತ್ರ ಕೊಡಲ್ಲ, ಮೊನ್ನೆ ತಾನೇ ಮಾಡಿಸಿದ್ದು.”

ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಗುತ್ತಿರುವಾಗಲೇ ಡ್ರೈವರನ ಹೆಂಡತಿ ಸುತ್ತ ನೋಡಿದಳು. “ಅದೆಲ್ಲ ಸರಿ. ಇವರ ಮನೆಯಾಕೆ ಹಾಕಿದಾಳಾ ಸಹಿ? ಆಕೆ ಹಾಕ್ಲಿ, ನಾವೂ ಹಾಕ್ತೀವಿ.”

ಹಿಂದಿನ ಬಾಗಿಲು ತೆರೆಯಿತು. ಅಳತೆಯ ಟೇಪು ಕುತ್ತಿಗೆಗೆ ಹಾಕಿಕೊಂಡೇ ಅವನ ಹೆಂಡತಿ ಒಳಗೆ ಬಂದಳು. ಕೊನೆಯ ಕುರ್ಚಿಯಲ್ಲಿದ್ದವರನ್ನು ಎಬ್ಬಿಸಿ, ಗಂಡನ ಕಡೆ ನೋಡಿದಳು.

“ಕೂತ್ಕೊಳ್ಳಿ.”

ಕೂತ. ಅವಳು ಬಿಳಿ ಬಟ್ಟೆ ಕೊಡವಿ ಅವನ ಕುತ್ತಿಗೆಗೆ ಕಟ್ಟಿದಳು, ಬಟ್ಟಲು ತೆಗೆದುಕೊಂಡು ಬ್ರಷ್ಷು ತಿರುಗಿಸಿದಳು, ಮುಖಕ್ಕೆಲ್ಲ ನೊರೆ ಬಳಿದಳು. ಹೆಂಗಸರು ಚಪ್ಪಾಳೆ ತಟ್ಟಿದರು. “ಕತ್ತಿ ತಗೋ, ಕತ್ತಿ!” ಎಂದಳು ಅಜ್ಜಿ.

“ಕತ್ತಿ ಬೇಡ. ಇವರಿಗೆ ಬಾಯಿ ಬಿಡೋಕೆ ಆಗ್ಬೇಕು,” ಎಂದಳು ಹೆಂಡತಿ. ಮತ್ತೆ ಗಂಡನಿಗೆ, “ಇಷ್ಟು ದಿನ ನೀವು ಹೇಳಿದ್ದನ್ನ ಗೋಡೆ ಆಚೆಯಿಂದ ನಾನು ಕೇಳಿದೆ. ಈಗ ನಾನು ಹೇಳೋದು ಕೇಳಿ. ಅವತ್ತು ಫೋನ್ ಬಂದಾಗ ನಿಮಗೆ ಖುಷಿಯೋ ಖುಷಿ. ನನಗೂ ಖುಷಿಯೇ. ಆದ್ರೆ ನಿಮ್ಮನ್ನ ಒಳಗೆ ಕರ್ಕೊಂಡು ಹೋದ ಮೇಲೆ ಕಾರಿಡಾರಿನಲ್ಲಿ ಒಬ್ಬಳೇ ಕೂತು ಯೋಚಿಸಿದೆ. ಎಲ್ಲೋ ಒಬ್ಬಳು ಆಗ ತಾನೇ ‘ತಗೊಳ್ಳಿ’ ಅಂದಿದಾಳೆ. ಹೆಂಡ್ತಿಯೋ, ತಾಯಿಯೋ. ಆಸ್ಪತ್ರೆಯಿಂದ ಒಬ್ಬಳೇ ಮನೆಗೆ ಹೋಗಿರ್ತಾಳೆ. ನಾನು ನಿಮ್ಮನ್ನ ಕರ್ಕೊಂಡು ಬಂದೆ.”

ಅವಳು ಬ್ರಷ್ಷನ್ನು ಬಟ್ಟಲಲ್ಲಿಟ್ಟಳು.

“ನಾಲ್ಕು ವರ್ಷದಿಂದ ಅವಳನ್ನ ನೆನೆಸ್ಕೊಳ್ಳದ ದಿನ ಇಲ್ಲ. ಸಹಿ ಹಾಕೋರು ನೀವು, ಬಾಯಿ ಬಿಡಬೇಕಾದವಳು ನಾನು. ಅವಳಷ್ಟು ಗಟ್ಟಿತನ ನನಗಿದೆಯೋ ಇಲ್ವೋ ಗೊತ್ತಿಲ್ಲ. ಅದಕ್ಕೇ ಹಾಕ್ಲಿಲ್ಲ. ಸರಿ, ಈಗ ಒಂದು ಹೇಳಿ. ನಾನೇ ಮೊದಲು ಹೋದ್ರೆ? ಈ ನರ್ಸಮ್ಮ ಬಂದು ನಿಮ್ಮನ್ನ ಕೇಳಿದ್ರೆ? ಏನಂತೀರಿ?”

ನೊರೆಯಣ್ಣ ಕನ್ನಡಿಯಲ್ಲಿ ಅವಳನ್ನು ನೋಡಿದ. ನೂರಾ ಹನ್ನೆರಡು ಫಾರ್ಮುಗಳಲ್ಲಿ ಅವಳ ಹೆಸರಿನದು ಒಂದೂ ಇರಲಿಲ್ಲ. ಅವನಿಗೆ ಅದು ಹೊಳೆದೇ ಇರಲಿಲ್ಲ. ಸಾಯುವವನು ತಾನು, ಉಳಿಯುವವಳು ಅವಳು ಎಂದೇ ಅವನ ಲೆಕ್ಕ. ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುವ ಅವಳ ಕಣ್ಣು, ಸೂಜಿ ಚುಚ್ಚಿ ಚುಚ್ಚಿ ಒರಟಾದ ಅವಳ ಬೆರಳು. ಎಡಗೆನ್ನೆಯಲ್ಲಿ ಸಲೀಸಾಗಿ ಹೇಳುತ್ತಿದ್ದ ಎಂಟು ಜನರ ವಿವರ ಈಗ ಎಲ್ಲಿ ಹೋಯಿತೋ. ಬರೀ ಒಂದು ‘ಹ್ಞೂಂ’ ಕೂಡ ಬರಲಿಲ್ಲ.

“ಮುಟ್ಟಬೇಡಿ ಅಂತೀನಿ,” ಎಂದ ಕೊನೆಗೆ. “ಮೊದಲು ಬಾಯಿಗೆ ಬರೋದು ಅದೇ. ನನ್ನ ಹೆಂಡ್ತಿನ ಯಾರೂ ಮುಟ್ಟಬೇಡಿ ಅಂತ.”

ನರ್ಸಮ್ಮ ಕಟ್ಟನ್ನು ಮೆಲ್ಲಗೆ ಚೀಲದ ಕಡೆ ಸರಿಸಿದಳು. ಹೆಂಡತಿ ಮಾತ್ರ ಕದಲಲಿಲ್ಲ, ಅವನ ಹೆಗಲ ಮೇಲೆ ಕೈಯಿಟ್ಟಳು.

“ಅವತ್ತು ‘ತಗೊಳ್ಳಿ’ ಅಂದ ಆಕೆಗೂ ಮೊದಲು ಅದೇ ಬಾಯಿಗೆ ಬಂದಿರುತ್ತೆ ಅಲ್ವಾ?” ಎಂದ ನೊರೆಯಣ್ಣ. “ಹಾಗೇ ಅಂದುಬಿಟ್ಟಿದ್ರೆ ನಾನಿವತ್ತು ಇಲ್ಲಿ ಕೂತಿರ್ತಿರಲಿಲ್ಲ. ಕೊಡ್ತೀನಿ ಕಣೇ. ಕೇಳಿದ್ರೆ ಹ್ಞೂಂ ಅಂತೀನಿ. ಇಷ್ಟೂ ಜನರ ಮುಂದೆ ಹೇಳ್ತಿದೀನಿ.”

“ಇಷ್ಟೇ ನನಗೆ ಬೇಕಾಗಿದ್ದು. ನಿಮ್ಮಿಂದ ಆಗೋದಾದ್ರೆ ನನ್ನಿಂದಲೂ ಆಗುತ್ತೆ.” ಅವಳು ನರ್ಸಮ್ಮನ ಕೈಯಿಂದ ಪೆನ್ನು ಇಸಿದುಕೊಂಡು ಗಂಡನ ಫಾರ್ಮಿನ ಖಾಲಿ ಜಾಗದಲ್ಲಿ ದುಂಡಗೆ ಸಹಿ ಹಾಕಿದಳು. “ಇನ್ನೊಂದು ಫಾರ್ಮು ಕೊಡಿ, ನನ್ನ ಹೆಸರಲ್ಲಿ.”

ಅವಳು ತುಂಬಿಕೊಟ್ಟ ಫಾರ್ಮನ್ನು ತೊಡೆಯ ಮೇಲಿಟ್ಟುಕೊಂಡು ನೊರೆಯಣ್ಣ ಮನೆಯವರ ಜಾಗದಲ್ಲಿ ತನ್ನ ಹೆಸರು ಬರೆದ. ಗಲ್ಲದ ನೊರೆ ಕಾಗದದ ಮೇಲೆ ಉದುರಿತು, ಜೊತೆಗೆ ಕಣ್ಣೀರೂ. ಅವನು ನಾಚಲಿಲ್ಲ.

“ಅವತ್ತು ಅಳ್ತಾ ಅಳ್ತಾ ಹ್ಞೂಂ ಅಂತೀನಿ, ಈಗಲೇ ಹೇಳಿದೀನಿ,” ಎಂದ.

“ಅಳದೆ ಹೇಳಿ ನೋಡಿ,” ಎಂದಳು ಅವಳು, ಟೇಪಿನ ತುದಿಯಿಂದ ಅವನ ಕಣ್ಣು ಒರೆಸುತ್ತ. “ಎದ್ದು ಬಂದು ವಿಚಾರಿಸ್ಕೋತೀನಿ.”