ಮುಂಚೆಯೇ ಒತ್ತಿದ ಠಸ್ಸೆ

ನಾನೊಂದು ರಬ್ಬರ್ ಠಸ್ಸೆ. ಮೈಮೇಲಿರುವುದು ಒಂದೇ ಇಂಗ್ಲಿಷ್ ಪದ: ಇಂಟ್ಯಾಕ್ಟ್. ನನ್ನನ್ನು ಕೊರೆದ ದಸ್ತಗೀರ ಸಾಹೇಬರಿಗೆ ಅದರ ಅರ್ಥ ಗೊತ್ತಿರಲಿಲ್ಲ. ಕಾಗದದ ಮೇಲೆ ಅಕ್ಷರ ನೆಟ್ಟಗೆ ಮೂಡಿದರೆ ಅವರ ಕೆಲಸ ಮುಗಿಯಿತು.

ನಾನು ಸೇರಿದ್ದು ಪೊಲೀಸರು ಕಳಿಸುವ ರಕ್ತ, ವಿಷ ಪರೀಕ್ಷಿಸುವ ಪ್ರಯೋಗಾಲಯಕ್ಕೆ. ಪೆಟ್ಟಿಗೆ ಇಸಿದುಕೊಳ್ಳುವ ಗುಮಾಸ್ತ ವಾಮನರಾಯರು ನನ್ನ ಒಡೆಯರು. ಠಾಣೆಯಿಂದ ಪೆಟ್ಟಿಗೆ ತರುವ ಹವಾಲ್ದಾರ ಮುದಕಪ್ಪ ಒಮ್ಮೆ ನನ್ನ ಅರ್ಥ ಕೇಳಿದ್ದ.

"ಇಂಟ್ಯಾಕ್ಟ್ ಅಂದ್ರ ಒಡದಿಲ್ಲ, ಬಿಚ್ಚಿಲ್ಲ, ಇದ್ದಂಗ ಅದ ಅಂತ," ಎಂದಿದ್ದರು ರಾಯರು. "ಭೂಕಂಪದಾಗ ಉಳದ ಮನಿಗೂ ಅಂತಾರ. ನಾವು ಪೆಟ್ಟಿಗಿ ಮ್ಯಾಲಿನ ಅರಗಿನ ಮುದ್ರಿಗೆ ಅಂತೀವಿ."

ಅರ್ಥ ಬಲ್ಲ ರಾಯರಿಗೂ ಒಂದು ಕೆಟ್ಟ ರೂಢಿಯಿತ್ತು. ಬೆಳಿಗ್ಗೆ ಕುರ್ಚಿಯಲ್ಲಿ ಕೂತವರೇ ದಿನಕ್ಕೆ ಬೇಕಾದಷ್ಟು ರಸೀದಿಗಳ ಮೇಲೆ ನನ್ನನ್ನು ಪಟಪಟನೆ ಒತ್ತಿಬಿಡುತ್ತಿದ್ದರು. ಪೆಟ್ಟಿಗೆಗಳು ಬರುವುದು ಆಮೇಲೆ. ಇನ್ನೂ ಕಾಣದ ಮುದ್ರೆಗೆ ನಾನು ಸಾಕ್ಷಿ ಹೇಳಿ ಕೂತಿರುತ್ತಿದ್ದೆ. ಅದರಲ್ಲಿ ನನಗೆ ಜಂಬವೂ ಇತ್ತು, ನಾಚಿಕೆಗೇಡು.

ಒಂದು ದಿನ ಮುದಕಪ್ಪ, ಸತ್ತುಹೋದ ಕಸ್ತೂರಿ ಎಂಬ ಹೆಣ್ಣುಮಗಳ ಹೊಟ್ಟೆಯ ಭಾಗಗಳಿದ್ದ ಪೆಟ್ಟಿಗೆ ತಂದ. ಗಂಡನೇ ಹಾಲಿನಲ್ಲಿ ವಿಷ ಬೆರೆಸಿ ಕೊಟ್ಟನೆಂದು ಅವಳ ತಾಯಿ ದ್ಯಾಮವ್ವ ದೂರು ಕೊಟ್ಟಿದ್ದಳು.

"ರಾಯರ, ಬಸ್ಸಿನ್ಯಾಗ ಎತ್ತಿ ಕುಕ್ಕಿ ಅರಗು ಒಡದೈತ್ರಿ."

"ಠಸ್ಸೆ ಬಿದ್ದದಲ್ಲೋ ಮಾರಾಯ. ಈಗ ಒಡದದ ಅಂತ ಬರದ್ರ ನೂರೆಂಟು ಪ್ರಶ್ನಿ. ಇಟ್ಟು ಹೋಗು."

ಪರೀಕ್ಷೆಯಲ್ಲಿ ವಿಷ ಸಿಕ್ಕಿತು. ಆದರೆ ಕೋರ್ಟಿನಲ್ಲಿ ಗಂಡನ ಕಡೆಯ ವಕೀಲರು ಕೆದಕಿದಾಗ ಮುದಕಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ರಸೀದಿಯ ಮೇಲೆ ನಾನು ಮಾತ್ರ ಮುದ್ರೆ ಒಡೆದಿಲ್ಲ ಎನ್ನುತ್ತಿದ್ದೆ. ರಾಯರು ನನ್ನನ್ನೂ ಕೋರ್ಟಿಗೆ ತಂದು ಒಪ್ಪಿಸಬೇಕಾಯಿತು. ಮುದ್ರೆ ಒಡೆದ ಪೆಟ್ಟಿಗೆಯೊಳಗೆ ದಾರಿಯಲ್ಲಿ ಯಾರಾದರೂ ವಿಷ ಹಾಕಿರಬಹುದು ಎಂದರು ವಕೀಲರು. ಅನುಮಾನದ ಲಾಭ ಗಂಡನಿಗೆ ಸಿಕ್ಕಿತು. ಅವನು ಮನೆಗೆ ಹೋದ.

ನಾನೀಗ ಸಾಕ್ಷ್ಯದ ವಸ್ತುಗಳನ್ನು ಇಡುವ ಕೋರ್ಟಿನ ಮುದ್ದೆಮಾಲು ಕೋಣೆಯಲ್ಲಿದ್ದೇನೆ. ರಬ್ಬರು ಗಟ್ಟಿಯಾಗಿ ಬಿರಿಯುತ್ತಿದೆ. ಸುಳ್ಳು ಹೇಳುವ ಉದ್ದೇಶ ನನಗಿರಲಿಲ್ಲ ನಿಜ, ಆದರೂ ಹೇಳಿದವನು ನಾನೇ.

ಮಗಳ ಮೈಮೇಲಿದ್ದ ಸಾಮಾನು ಒಯ್ಯಲು ದ್ಯಾಮವ್ವ ಬಂದಿದ್ದಳು. ಇಲ್ಲಿಯ ಗುಮಾಸ್ತ ಪೊಟ್ಟಣ ಬಿಚ್ಚಿ ಹಸಿರು ಗಾಜಿನ ಬಳೆಗಳನ್ನು ಮೇಜಿನ ಮೇಲಿಟ್ಟ.

"ನೋಡ್ಕೋ ಅವ್ವಾ, ಎಲ್ಲಾ ಇದ್ದಂಗ ಅದಾವ. ಒಂದೂ ಒಡದಿಲ್ಲ."

ಅವಳು ಒಂದೊಂದನ್ನೇ ಸವರಿ ನೋಡಿದಳು.

"ಹೌದ್ರಿ," ಎಂದಳು. "ಬಳಿ ಒಡದಿಲ್ಲಂದ್ರ ಆಕಿ ಕೊಸರಾಡಿಲ್ಲ. ಗಂಡ ಕೊಟ್ಟಾನಂತ ಸುಮ್ನ ಕುಡದಾಳ."